ಸ್ವಾಲ್‌ಬಾರ್ಡ್‌ಗೆ ಹೋಗೋವ್ರಿಗೆ ಹಿಮಕರಡಿ ಗೈಡ್: ಯಾವ್ದು ಮೊದ್ಲು, ಯಾವ್ದು ಕೊನೆಗೆ

"ಹಿಮಕರಡಿ ಎದುರಿಗೇ ಬಂದ್ಬಿಟ್ರೆ ಏನ್ ಮಾಡ್ಬೇಕು ಸಾರ್?" ನಾರ್ದರ್ನ್ ಲೈಟ್ಸ್ ನೋಡೋಕೆ ಸ್ವಾಲ್‌ಬಾರ್ಡ್‌ಗೆ ಟಿಕೆಟ್ ಬುಕ್ ಮಾಡಿದೋರೆಲ್ಲ ಕೇಳೋ ಮೊದಲನೇ ಪ್ರಶ್ನೆ ಇದೇ. ಉತ್ತರ ಕೊಡ್ಬಹುದು, ಕೆಳಗೆ ಏಳನೇ ಹಂತದಲ್ಲಿ ಕೊಟ್ಟೂ ಇದೀನಿ, ಆದ್ರೆ ಮುಂಚಿನ ಆರು ಬಿಟ್ಟು ಸೀದಾ ಅಲ್ಲಿಗೆ ಹಾರಿದ್ರೆ ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ ಕಥೆನೇ. ಎಲ್ರೂ ಎಡವೋದು ಇಲ್ಲೇ: ಗನ್ ಬಗ್ಗೆ ಮೊದ್ಲು ಯೋಚ್ನೆ ಮಾಡ್ತಾರೆ, ಜಾಗ, ದೂರ, ಗಾಳಿ, ಟೆಂಟ್ ಬಗ್ಗೆ ಕೊನೆಗೆ. ಅಲ್ಲಿನವ್ರು ಇದರ ಉಲ್ಟಾ ಮಾಡ್ತಾರೆ, ಅವ್ರಲ್ಲಿ ಬಹಳಷ್ಟು ಜನ ವರ್ಷಗಟ್ಲೆ ರೈಫಲ್ ಹೊತ್ತು ಓಡಾಡಿದ್ರೂ ಕರಡಿ ಮೇಲೆ ಒಂದು ಗುಂಡೂ ಹಾರಿಸಿರಲ್ಲ.

ಇದನ್ನ ಮುಖ್ಯವಾಗಿ ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಹೋಗೋವ್ರಿಗೆ ಬರೆದಿದೀನಿ. ಕೆನಡಾದ ಚರ್ಚಿಲ್‌ಗೆ ಹೋಗೋವ್ರಿಗೆ ಕೊನೇಲಿ ಸ್ವಲ್ಪ ಬೇರೆ ಮಾತಿದೆ.

ಹಂತ 1: ತಲೇಲಿರೋ ಕರಡೀನ ಮೊದ್ಲು ಹೊರಗೆ ಹಾಕಿ

ನಮಗೆ ಗೊತ್ತಿರೋ ಕರಡಿ ಅಂದ್ರೆ ದರೋಜಿ ಕಡೆ ಗುಡ್ಡದಲ್ಲಿರೋ, ಬಳ್ಳಾರಿ, ಕೊಪ್ಪಳ, ತುಮಕೂರು ಕಡೆ ಹೊಲ ತೋಟಕ್ಕೆ ಬರೋ ಕಪ್ಪು ಕರಡಿ. ಅದು ತಿನ್ನೋದು ಗೆದ್ದಲು, ಹಣ್ಣು, ಜೇನು. ಮನುಷ್ಯನ ಮೇಲೆ ಬೀಳೋದು ಹೆಚ್ಚಾಗಿ ಗಾಬರಿಯಿಂದ, ಬೆಳಗಿನ ಜಾವ ಬಂಡೆ ಹಿಂದೆ ಇದ್ದದ್ದಕ್ಕೆ ಗೊತ್ತಾಗದ ಹಾಗೆ ಹತ್ರ ಹೋಗ್ಬಿಟ್ಟಾಗ, ಇಲ್ಲ ಮರಿ ಜೊತೆಗಿದ್ದಾಗ. ಗಾಬರಿ ಇಳಿದ್ರೆ ಬಿಟ್ಟು ಹೋಗುತ್ತೆ.

ಹಿಮಕರಡಿ ಲೆಕ್ಕ ಬೇರೆ. ಅದರ ಊಟ ಸೀಲ್, ಅಂದ್ರೆ ಮಾಂಸಾನೇ, ಹಿಮದ ಮೇಲೆ ಅಲುಗಾಡೋದೆಲ್ಲ ಅದಕ್ಕೆ ತಿನ್ನಬಹುದಾದ ವಸ್ತುವೋ ಅಲ್ವೋ ಅಂತ ಹತ್ರ ಬಂದು ನೋಡೋ ಅಭ್ಯಾಸ. ಬೆಳೆದ ಗಂಡು 350ರಿಂದ 600 ಕೆಜಿ ತೂಗುತ್ತೆ, ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಓಡುತ್ತೆ, ಈಜೋದ್ರಲ್ಲಂತೂ ಕೇಳೋದೇ ಬೇಡ. ಹಾಗಾಗಿ ಶಾಲೇಲಿ ಕೇಳಿದ ಇಬ್ರು ಸ್ನೇಹಿತರು ಮತ್ತು ಕರಡಿ ಕಥೆ ಮರೆತುಬಿಡಿ. ಸತ್ತ ಹಾಗೆ ಮಲಗಿದ್ರೆ ಮೂಸಿ ನೋಡಿ ಹೋಗಲ್ಲ, ಅದಕ್ಕೆ ಕೆಲ್ಸ ಸುಲಭ ಆಯ್ತು ಅಷ್ಟೆ. ಮರ ಹತ್ತೋಣ ಅಂದ್ರೆ ಸ್ವಾಲ್‌ಬಾರ್ಡ್‌ನಲ್ಲಿ ಹತ್ತೋಕೆ ಮರಾನೇ ಇಲ್ಲ.

ಇನ್ನೊಂದು ತಪ್ಪು ನಂಬಿಕೆ, ಚಳಿಗಾಲದಲ್ಲಿ ಕರಡಿ ಮಲಗಿರುತ್ತಲ್ಲ ಅನ್ನೋದು. ಗುಹೆ ತೋಡಿ ಮಲಗೋದು ಗಬ್ಬ ಆದ ಹೆಣ್ಣು ಮಾತ್ರ, ಮಿಕ್ಕಿದ್ದೆಲ್ಲ ವರ್ಷಪೂರ್ತಿ ತಿರುಗ್ತಾನೇ ಇರುತ್ತೆ. ನಾರ್ದರ್ನ್ ಲೈಟ್ಸ್ ಸೀಸನ್‌ನಲ್ಲಿ, ಹಗಲೂ ಕತ್ತಲಿರೋ ಡಿಸೆಂಬರ್‌ನಲ್ಲೂ ಕರಡಿ ಬರ್ಬಹುದು, ಬಂದ್ರೆ ನಿಮಗೆ ಕಾಣಲ್ಲ ಅನ್ನೋದೊಂದೇ ವ್ಯತ್ಯಾಸ.

ಅಪಾಯ ಎಷ್ಟು ದೊಡ್ಡದು ಅಂತ ಕೇಳಿದ್ರೆ, 1870ರಿಂದ 2014ರವರೆಗೆ ಹಿಮಕರಡಿ ಇರೋ ಐದೂ ದೇಶಗಳ ದಾಖಲೆ ಕೂಡಿಸಿ ಸಂಶೋಧಕರು ಪಟ್ಟಿ ಮಾಡಿದಾಗ ಸಿಕ್ಕಿದ್ದು 73 ದಾಳಿ, 20 ಸಾವು, 63 ಜನಕ್ಕೆ ಗಾಯ. ನಮ್ಮ ರಸ್ತೆ ಅಪಘಾತದ ಲೆಕ್ಕದ ಮುಂದೆ ಇದು ಏನೂ ಅಲ್ಲ, ನಿಜ. ಆದ್ರೆ ಅದೇ ಪಟ್ಟೀಲಿ ಗಮನಿಸಬೇಕಾದ್ದು ಬೇರೆ ಇದೆ: ಅತಿ ಹೆಚ್ಚು ಅಪಾಯ ಇರೋದು ಹೊಟ್ಟೆಗೆ ಸರಿಯಾಗಿ ಸಿಗದೆ ಸೊರಗಿದ ಗಂಡು ಕರಡಿಯಿಂದ. ತಾಯಿ ಕರಡಿ ದಾಳಿ ಮಾಡಿದ್ದು ಕಮ್ಮಿ, ಮಾಡಿದ್ದೂ ಹೆಚ್ಚಾಗಿ ಮರಿ ಕಾಪಾಡೋಕೆ. ಅಂದ್ರೆ ಪಕ್ಕೆಲುಬು ಕಾಣೋ ಬಡಕಲು ಕರಡಿ ನೋಡಿ "ಪಾಪ" ಅನ್ಸಿದ್ರೆ ಅನ್ನಿಸ್ಲಿ, ಆದ್ರೆ ಅದೇ ಕರಡಿಗೇ ಜಾಸ್ತಿ ಹೆದರ್ಬೇಕು.

ಹಂತ 2: ಎಲ್ಲಿವರೆಗೆ ಒಬ್ರೇ ಓಡಾಡ್ಬಹುದು ಅಂತ ಊರಲ್ಲೇ ತಿಳ್ಕೊಳ್ಳಿ

ಸ್ವಾಲ್‌ಬಾರ್ಡ್‌ನ ಮುಖ್ಯ ಊರು ಲಾಂಗ್‌ಇಯರ್‌ಬಿಯೆನ್. ಊರೊಳಗೆ ಮನೆ, ಅಂಗಡಿ, ಹೋಟೆಲ್ ಮಧ್ಯೆ ಆರಾಮಾಗಿ ಓಡಾಡಿ, ಏನೂ ತೊಂದ್ರೆ ಇಲ್ಲ. ಊರಿಂದ ಹೊರಗೆ ಹೋಗೋ ರಸ್ತೇಲಿ ಕೆಂಪು ಅಂಚಿನ ತ್ರಿಕೋನದೊಳಗೆ ಬಿಳಿ ಕರಡಿ ಇರೋ ಬೋರ್ಡ್ ಸಿಗುತ್ತೆ, ಕೆಳಗೆ ನಾರ್ವೇಜಿಯನ್‌ನಲ್ಲಿ "ಇಡೀ ಸ್ವಾಲ್‌ಬಾರ್ಡ್‌ಗೆ ಅನ್ವಯ" ಅಂತ ಬರೆದಿರುತ್ತೆ. ಬರೋರೆಲ್ಲ ಅದರ ಮುಂದೆ ಸೆಲ್ಫಿ ತಗೋತಾರೆ, ತಗೊಳ್ಳಿ, ಆದ್ರೆ ಸೆಲ್ಫಿ ಆದ್ಮೇಲೆ "ಇನ್ನೊಂದ್ ಸ್ವಲ್ಪ ಮುಂದೆ ವ್ಯೂ ಚೆನ್ನಾಗಿದ್ಯಂತೆ" ಅಂತ ಬರಿಗೈಲಿ ದಾಟಿ ಹೋಗೋದಿದ್ಯಲ್ಲ, ಅದೇ ಎಡವಟ್ಟು. ಗೈಡ್ ಇಲ್ದೆ, ಕರಡಿ ಹೆದರಿಸೋ ಸಾಮಾನು ಇಲ್ದೆ ಬಂದೋರಿಗೆ ಆ ಬೋರ್ಡೇ ಕೊನೆ.

ಇದು ಬರೀ ಸಲಹೆ ಅಂತ ತಿಳ್ಕೋಬೇಡಿ. ಊರು ದಾಟಿದವ್ರ ಹತ್ರ ಕರಡೀನ ಹೆದರಿಸಿ ಓಡಿಸೋಕೆ ಸರಿಯಾದ ಸಾಧನ ಇರ್ಲೇಬೇಕು ಅನ್ನೋದು ಅಲ್ಲಿ ಕಾನೂನು, ಅದರ ಜೊತೆ ರೈಫಲ್ಲೂ ಇರ್ಲಿ ಅನ್ನೋದು ಸ್ವಾಲ್‌ಬಾರ್ಡ್ ಗವರ್ನರ್ ಆಫೀಸಿನ ಶಿಫಾರಸು. ಟೂರಿಸ್ಟ್ ಆಗಿ ಹೋಗೋವ್ರಿಗೆ ನಾನು ಹೇಳೋದು ಒಂದೇ, ಗೈಡ್ ಇರೋ ಟೂರ್ ಬುಕ್ ಮಾಡಿ. ದುಡ್ಡು ಜಾಸ್ತಿ ಅಂತ ಗೊಣಗ್ತೀರಾ, ಗೊತ್ತು. ಆದ್ರೆ ಜನ್ಮದಲ್ಲಿ ಗನ್ ಹಿಡೀದೋರು ಬಾಡಿಗೆ ರೈಫಲ್ ಹೆಗಲಿಗೆ ಹಾಕೊಂಡು ಗ್ಲೇಸಿಯರ್ ಹತ್ತೋದು ಉಳಿತಾಯ ಅಲ್ಲ.

ಬುಕ್ ಮಾಡೋ ಮುಂಚೆ ಆಪರೇಟರ್‌ಗೆ ಮೂರು ಪ್ರಶ್ನೆ ಕೇಳಿ. ಒಬ್ಬ ಗೈಡ್‌ಗೆ ಎಷ್ಟು ಜನ? ಟೆಂಟ್ ಟ್ರಿಪ್ ಆದ್ರೆ ರಾತ್ರಿ ಪಾಳಿ ಯಾರು ಕಾಯ್ತಾರೆ? ಫೋನ್ ಸಿಗ್ನಲ್ ಇಲ್ಲದ ಕಡೆ ಸಂಪರ್ಕಕ್ಕೆ ಏನಿಟ್ಕೊಂಡಿದೀರಾ? ಉತ್ತರ ತಡವರಿಸಿದ್ರೆ ಬೇರೆ ಕಡೆ ನೋಡಿ.

ಸ್ವಂತವಾಗಿ ದೂರ ಹೋಗೋ ಪ್ಲಾನ್ ಇದ್ರೆ, ಊರುಗಳ ಸುತ್ತಲಿನ ಮ್ಯಾನೇಜ್‌ಮೆಂಟ್ ಏರಿಯಾ 10 ದಾಟೋಕೆ ಗವರ್ನರ್ ಆಫೀಸಿಗೆ ಮೊದಲೇ ತಿಳಿಸ್ಬೇಕು, ಹುಡುಕಾಟ ಮತ್ತು ರಕ್ಷಣೆ ಖರ್ಚಿಗೆ ಇನ್ಶೂರೆನ್ಸ್ ಇರ್ಬೇಕು. ಮಾಮೂಲಿ ಟ್ರಾವೆಲ್ ಪಾಲಿಸೀಲಿ ಇದು ಸೇರಿದ್ಯಾ ಅಂತ ಸಣ್ಣಕ್ಷರ ಓದಿ ನೋಡಿ. ಹಾಗೇ, ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ ಅಂತ ಓದಿ ಖುಷಿ ಪಡೋರಿಗೆ: ಅದು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡೋ ಯುರೋಪ್ ದೇಶಗಳ ಗುಂಪು) ಹೊರಗಿದೆ, ನೀವು ಓಸ್ಲೋ ಮೇಲೆ ಹೋಗಿ ಅದೇ ದಾರೀಲಿ ವಾಪಸ್ ಬರ್ಬೇಕು, ಹಾಗಾಗಿ ಡಬಲ್ ಎಂಟ್ರಿ ಷೆಂಗೆನ್ ವೀಸಾ ಬೇಕು. ಕರಡಿಗೂ ಇದಕ್ಕೂ ಸಂಬಂಧ ಇಲ್ಲ, ಆದ್ರೂ ಜನ ಸಿಕ್ಕಿಹಾಕ್ಕೊಳ್ತಾರೆ ಅಂತ ಹೇಳ್ದೆ.

ಹಂತ 3: ಸಾಮಾನು, ಮತ್ತೆ ಇಂಡಿಯಾದಿಂದ ಏನು ತಗೊಂಡು ಹೋಗ್ಬಾರ್ದು

ಮೊದ್ಲು ಬೇಕಾಗಿರೋದು ಬೈನಾಕ್ಯುಲರ್. ನಗ್ಬೇಡಿ. ಕರಡೀನ ಒಂದು ಕಿಲೋಮೀಟರ್ ದೂರದಲ್ಲೇ ನೋಡಿಬಿಟ್ರೆ ಮಿಕ್ಕ ಸಾಮಾನು ಮುಟ್ಟೋದೇ ಬೇಡ. ಗುಂಪಲ್ಲಿ ಗೈಡ್ ಹತ್ರ ಒಂದಿದ್ರೆ ಸಾಲ್ದು, ನಿಮ್ಮದೂ ಒಂದಿರ್ಲಿ.

ಎರಡನೇದು ಫ್ಲೇರ್ ಗನ್, ಅದರ ಜೊತೆ ಬೆಳಕಿನ ಜೊತೆ ದೊಡ್ಡ ಸದ್ದು ಮಾಡಿ ಸಿಡಿಯೋ ಕಾಟ್ರಿಜ್. ಕಾಟ್ರಿಜ್ ಬ್ಯಾಗ್ ತಳದಲ್ಲಿದ್ರೆ ಇಲ್ಲದ ಹಾಗೇ ಲೆಕ್ಕ, ಜಾಕೆಟ್ಟಿನ ಹೊರಗಿನ ಜೇಬಲ್ಲಿ ಗ್ಲೌಸ್ ಹಾಕಿದ ಕೈಗೆ ಸಿಗೋ ಹಾಗಿರ್ಬೇಕು. ಗ್ಲೌಸ್ ಹಾಕೊಂಡೇ ಲೋಡ್ ಮಾಡೋದನ್ನ ಊರಲ್ಲೇ ಪ್ರಾಕ್ಟೀಸ್ ಮಾಡಿ. ಮೈನಸ್ 20ರಲ್ಲಿ ಬರಿಗೈಲಿ ಲೋಹ ಹಿಡಿದ್ರೆ ಸ್ವಲ್ಪ ಹೊತ್ತಲ್ಲೇ ಬೆರಳು ಹೇಳಿದ ಮಾತು ಕೇಳಲ್ಲ.

ಮೂರನೇದು ರೈಫಲ್. .308 ಅಥವಾ .30-06 ಕ್ಯಾಲಿಬರ್‌ಗಿಂತ ಕಮ್ಮಿದು ಕರಡಿಗೆ ಸಾಲಲ್ಲ. ಗನ್ ಲೈಸೆನ್ಸ್ ಇಲ್ದೆ ಇರೋರು ಬಾಡಿಗೆಗೆ ತಗೋಬೇಕಂದ್ರೆ ಗವರ್ನರ್ ಆಫೀಸಿಂದ ಪರ್ಮಿಟ್ ಮೊದ್ಲೇ ತಗೋಬೇಕು, ಇಳಿದ ದಿನ ಅಂಗಡಿಗೆ ಹೋಗಿ ಕೇಳಿದ್ರೆ ಸಿಗಲ್ಲ. ಊರೊಳಗೆ ಲೋಡ್ ಮಾಡಿದ ಗನ್ ಇಟ್ಕೊಳ್ಳೋ ಹಾಗಿಲ್ಲ. ಊರ ಹೊರಗೆ ಗೈಡ್‌ಗಳು ಸಾಮಾನ್ಯವಾಗಿ ಮ್ಯಾಗಜಿನ್‌ನಲ್ಲಿ ಗುಂಡು ಇಟ್ಟು ಚೇಂಬರ್ ಖಾಲಿ ಬಿಟ್ಟಿರ್ತಾರೆ, ಜಾರಿ ಬಿದ್ರೂ ತಾನಾಗೇ ಹಾರ್ಬಾರ್ದು ಅಂತ. ಇನ್ನು ಎಣ್ಣೆ: ಬೋಲ್ಟ್‌ಗೆ ಹಾಕಿದ ಮಾಮೂಲಿ ಗನ್ ಎಣ್ಣೆ ಚಳಿಗೆ ಗಟ್ಟಿಯಾಗಿ ಪಿನ್ ಸರಿಯಾಗಿ ಹೊಡೆಯಲ್ಲ, ಅದಕ್ಕೇ ಹೊರಡೋ ಮುಂಚೆ ಎಣ್ಣೆ ಪೂರ್ತಿ ಒರೆಸಿ ಒಣಗಿಸ್ತಾರೆ. ಮಂಜಲ್ಲಿ ತಿರುಗಾಡಿಸಿದ ಗನ್ ಬೆಚ್ಚಗಿನ ರೂಮಿಗೆ ತಂದ್ರೆ ಮೈಯೆಲ್ಲ ನೀರು ಬಿಡುತ್ತೆ, ಅದೇ ಒದ್ದೇಲಿ ಮತ್ತೆ ಹೊರಗೆ ತಗೊಂಡು ಹೋದ್ರೆ ಒಳಗೆಲ್ಲ ಐಸ್. ಕ್ಯಾಮೆರಾ ಇರೋರಿಗೆ ಈ ಪಾಡು ಗೊತ್ತಿರುತ್ತೆ.

ನಾಲ್ಕನೇದು ಸಂಪರ್ಕ. ಊರುಗಳ ಅಕ್ಕಪಕ್ಕ ಬಿಟ್ರೆ ಮೊಬೈಲ್ ಸಿಗ್ನಲ್ ಇಲ್ಲ, ಸ್ಯಾಟಲೈಟ್ ಫೋನೋ ಎಮರ್ಜೆನ್ಸಿ ಬೀಕನ್ನೋ ಬೇಕು. ಇಲ್ಲಿ ನಮ್ಮವ್ರು ತಪ್ಪದೆ ಗಮನಿಸ್ಬೇಕು, ಇಂಡಿಯಾದಲ್ಲಿ ಪರ್ಮಿಷನ್ ಇಲ್ದೆ ಸ್ಯಾಟಲೈಟ್ ಫೋನ್ ಇಟ್ಕೊಳ್ಳೋದು ಅಪರಾಧ, ಸ್ಯಾಟಲೈಟ್ ಮೆಸೇಜ್ ಕಳಿಸೋ ಚಿಕ್ಕ ಜಿಪಿಎಸ್ ಡಿವೈಸ್ ಬ್ಯಾಗಲ್ಲಿ ಸಿಕ್ಕಿ ಏರ್‌ಪೋರ್ಟ್‌ನಲ್ಲೇ ಕೇಸ್ ಹಾಕಿಸ್ಕೊಂಡ ವಿದೇಶಿಯರೂ ಇದಾರೆ. ಆನ್‌ಲೈನ್‌ನಲ್ಲಿ ತರಿಸಿ ಬೆಂಗಳೂರಿಂದ ಹೊತ್ತು ಹೋಗೋ ಐಡಿಯಾ ಬಿಡಿ. ಲಾಂಗ್‌ಇಯರ್‌ಬಿಯೆನ್‌ನಲ್ಲೇ ಬಾಡಿಗೆಗೆ ಸಿಗುತ್ತೆ, ಅಲ್ಲೇ ವಾಪಸ್ ಕೊಟ್ಟು ಬನ್ನಿ. ಪೆಪ್ಪರ್ ಸ್ಪ್ರೇನೂ ವಿಮಾನದಲ್ಲಿ ಕ್ಯಾಬಿನ್‌ಗೂ ಇಲ್ಲ, ಚೆಕ್ ಇನ್ ಬ್ಯಾಗಿಗೂ ಇಲ್ಲ.

ಹಂತ 4: ಹೆಜ್ಜೆ ಇಡೋ ಮುಂಚೆ ಸುತ್ತ ನೋಡೋದು

ಬೋಟಿಂದ ಇಳಿದ ತಕ್ಷಣ, ಸ್ನೋ ಸ್ಕೂಟರ್ ನಿಲ್ಲಿಸಿದ ತಕ್ಷಣ ಎಲ್ರ ಕೈಗೂ ಫೋನ್ ಬರುತ್ತೆ. ತಪ್ಪು. ಮೊದಲ ಐದು ನಿಮಿಷ ನೋಡೋದಷ್ಟೇ ಕೆಲ್ಸ, ಪೂರ್ತಿ ಒಂದು ಸುತ್ತು, ಎಡದಿಂದ ಬಲಕ್ಕೆ, ಹತ್ರದಿಂದ ದೂರಕ್ಕೆ.

ಏನು ನೋಡ್ಬೇಕು? ಹಿಮಕರಡಿ ಅಂದ್ರೆ ಹಾಲಿನ ಬಿಳಿ ಅಂದ್ಕೊಂಡು ಹುಡುಕಿದ್ರೆ ಸಿಗಲ್ಲ. ಹೊಸ ಹಿಮದ ಮುಂದೆ ಅದು ಮಾಸಿದ ಪಂಚೆ ಬಣ್ಣ, ಕೆನೆ ಹಳದಿ. ಹಿಮದ ಮೇಲೆ ಹಳದಿ ಗುಡ್ಡೆ ಕಂಡ್ರೆ ಅಲ್ಲೇ ದೃಷ್ಟಿ ನಿಲ್ಲಿಸಿ ಒಂದು ನಿಮಿಷ ನೋಡಿ, ಕಲ್ಲಾದ್ರೆ ಅಲ್ಲೇ ಇರುತ್ತೆ. ಬೇಸಿಗೇಲಿ ಹಿಮ ಕರಗಿ ನೆಲ ಕಂದು ಬಣ್ಣ ಇದ್ದಾಗ ಕಾಣೋದು ಸುಲಭ ಅನ್ಸುತ್ತೆ, ಆದ್ರೆ ತಗ್ಗಲ್ಲಿ ಮಲಗಿರೋ ಕರಡಿ ಎದ್ದು ನಿಲ್ಲೋವರೆಗೂ ಗೊತ್ತೇ ಆಗಲ್ಲ. ಸಮುದ್ರದ ದಡ, ಗ್ಲೇಸಿಯರ್ ಬಾಯಿ, ಗ್ಲೇಸಿಯರ್ ದಬ್ಬಿಕೊಂಡು ಬಂದ ಕಲ್ಲುಮಣ್ಣಿನ ದಿಬ್ಬ, ದೊಡ್ಡ ಐಸ್ ಗಡ್ಡೆಗಳ ಹಿಂದೆ, ಸತ್ತ ತಿಮಿಂಗಿಲವೋ ಸೀಲೋ ಬಿದ್ದಿರೋ ಜಾಗ, ಇವನ್ನ ಎರಡೆರಡು ಸಲ ನೋಡಿ. ಹೆಜ್ಜೆ ಗುರುತು ಹೊಸದಾಗಿದ್ರೆ, ಅಂಚು ಇನ್ನೂ ಚೂಪಾಗಿ ಒಳಗೆ ಗಾಳಿಗೆ ಬಂದ ಪುಡಿಹಿಮ ತುಂಬದೇ ಇದ್ರೆ, ಆ ದಾರಿ ಬಿಡಿ.

ಇದು ಕಸುಬಿನವ್ರಿಗೂ ತಪ್ಪುತ್ತೆ. 2018ರ ಜುಲೈನಲ್ಲಿ ಸ್ವಾಲ್‌ಬಾರ್ಡ್‌ನ ಉತ್ತರ ತುದಿಯ ಶೂಓಯಾನೆ ದ್ವೀಪಗಳಲ್ಲಿ ಕ್ರೂಸ್ ಹಡಗಿನ ಕರಡಿ ಕಾವಲುಗಾರರು ಟೂರಿಸ್ಟ್‌ಗಳಿಗಿಂತ ಮುಂಚೆ ದಡಕ್ಕೆ ಇಳಿದಾಗ, ಅವರಲ್ಲೊಬ್ಬರ ಮೇಲೆ ಅವ್ರು ಗಮನಿಸದೇ ಇದ್ದ ಕರಡಿ ಬಿತ್ತು, ತಲೆಗೆ ಗಾಯ ಆಯ್ತು, ಕರಡೀನ ಗುಂಡಿಟ್ಟು ಕೊಂದ್ರು. ಜಾಗ ಸುರಕ್ಷಿತವಾಗಿದ್ಯಾ ನೋಡೋಕೆ ಅಂತಲೇ ಇಳಿದೋರು ಅವ್ರು.

ಮಂಜು ಕವಿದಿದ್ರೆ ಇಳೀಬೇಡಿ. ಗೈಡ್ "ಇವತ್ತು ಬೇಡ" ಅಂದ್ರೆ ದುಡ್ಡು ಕೊಟ್ಟಿದೀವಿ ಅಂತ ವಾದ ಮಾಡ್ಬೇಡಿ. ನಡೆಯುವಾಗ ಗುಂಪು ಉದ್ದ ಎಳೀಬಾರ್ದು, ಫೋಟೋ ತೆಗೆಯೋರು ಹಿಂದೆ ಉಳಿಯೋದು ದಿನಾ ನಡೆಯೋ ತಪ್ಪು. ಮೂತ್ರಕ್ಕೆ ಹೋಗೋದಾದ್ರೂ ಗೈಡ್‌ಗೆ ಹೇಳಿ ಹೋಗಿ, ನಾಚಿಕೆ ಪಟ್ಕೊಂಡು ಬಂಡೆ ಹಿಂದೆ ಮರೆ ಹುಡ್ಕೋದು ಬೇಡ, ಆ ಬಂಡೆ ಹಿಂದೆ ಏನಿದೆ ಅಂತ ಯಾರೂ ನೋಡಿರಲ್ಲ. ಸ್ನೋ ಸ್ಕೂಟರ್ ನಿಲ್ಸೋವಾಗ ಎಲ್ಲಾ ಗಾಡಿ ಮೂತಿ ವಾಪಸ್ ಹೋಗೋ ಕಡೆಗೇ ಇರ್ಲಿ.

ಹಂತ 5: ಟೆಂಟ್ ಹಾಕೋದಾದ್ರೆ

ಅತಿ ಹೆಚ್ಚು ಸಮಯ ಕೊಡ್ಬೇಕಾದ ಹಂತ ಇದು, ಜನ ಅತಿ ಕಮ್ಮಿ ಸಮಯ ಕೊಡೋದೂ ಇದಕ್ಕೇ. ದಿನವಿಡೀ ನಡೆದು ಸುಸ್ತಾಗಿ ಸಿಕ್ಕ ಸಮತಟ್ಟು ಜಾಗದಲ್ಲಿ ಟೆಂಟ್ ಹೊಡೆದು ಮಲಗ್ಬಿಡ್ತಾರೆ.

2011ರ ಆಗಸ್ಟ್‌ನಲ್ಲಿ ಲಾಂಗ್‌ಇಯರ್‌ಬಿಯೆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಫಾನ್ ಪೋಸ್ಟ್ ಗ್ಲೇಸಿಯರ್ ಹತ್ರ ಬ್ರಿಟನ್ನಿನ ವಿದ್ಯಾರ್ಥಿಗಳ ಗುಂಪೊಂದು ಟೆಂಟ್ ಹಾಕಿತ್ತು. ಕರಡಿ ಟೆಂಟಿಗೇ ನುಗ್ತು. 17 ವರ್ಷದ ಹುಡುಗ ಸತ್ತ, ನಾಲ್ಕು ಜನಕ್ಕೆ ಗಾಯ. ಸುತ್ತ ಕಟ್ಟಿದ್ದ ಟ್ರಿಪ್ ವೈರ್ (ಕಾಲು ತಗುಲಿದ್ರೆ ಸಿಡಿದು ಎಚ್ಚರಿಸೋ ತಂತಿ) ಸಿಡೀಲಿಲ್ಲ, ರೈಫಲ್ ಮೊದ್ಲಿಗೆ ಹಾರ್ಲಿಲ್ಲ. 2020ರ ಆಗಸ್ಟ್ 28ರ ಬೆಳಗಿನ ಜಾವ ಏರ್‌ಪೋರ್ಟ್ ಪಕ್ಕದ ಕ್ಯಾಂಪ್‌ಸೈಟ್‌ನಲ್ಲೇ ಟೆಂಟಲ್ಲಿ ಮಲಗಿದ್ದ ನೆದರ್ಲೆಂಡ್ಸ್‌ನ ವ್ಯಕ್ತಿ ಕರಡಿಗೆ ಬಲಿಯಾದ್ರು, 1971ರಿಂದೀಚೆ ಸ್ವಾಲ್‌ಬಾರ್ಡ್‌ನಲ್ಲಿ ಅದು ಆರನೇ ಸಾವು. ಏರ್‌ಪೋರ್ಟ್ ಕಾಣೋ ದೂರದಲ್ಲಿದೆ ಅನ್ನೋದು ಟೆಂಟಿಗೆ ಗೋಡೆ ಆಗಲ್ಲ.

ಮೊದ್ಲು ಜಾಗ. ದಡದಲ್ಲಿ ಬೇಡ, ಕರಡಿ ಓಡಾಡೋ ಹೆದ್ದಾರಿನೇ ಅದು. ಕಣಿವೆ ಬಾಯಿ, ಒಂದು ಫ್ಯೋರ್ಡ್‌ನಿಂದ (ಬೆಟ್ಟಗಳ ಮಧ್ಯೆ ಒಳಗೆ ಚಾಚಿರೋ ಕಡಲ ತೋಳು) ಇನ್ನೊಂದಕ್ಕೆ ದಾಟೋ ಕಿರಿದಾದ ದಾರಿ ಕೂಡ ಬೇಡ. ಸ್ವಲ್ಪ ಎತ್ತರ, ನಾಲ್ಕೂ ಕಡೆ ದೂರದವರೆಗೆ ಕಾಣೋ ಬಯಲು ಬೇಕು. ಗಾಳಿಗೆ ಮರೆ ಸಿಗುತ್ತೆ ಅಂತ ದಿಬ್ಬದ ಬುಡಕ್ಕೆ ಅಂಟಿಸಿ ಹಾಕಿದ್ರೆ ಬೆಚ್ಚಗಿರ್ತೀರಾ, ಆದ್ರೆ ಆ ಕಡೆಯಿಂದ ಬರೋದು ಕಾಣಲ್ಲ.

ಆಮೇಲೆ ಟೆಂಟ್‌ಗಳ ಜೋಡಣೆ. ಕ್ಯಾಂಪ್ ಫೈರ್ ಸುತ್ತ ಕೂರೋ ಹಾಗೆ ವೃತ್ತಾಕಾರವಾಗಿ ಹಾಕ್ತಾರೆ, ಅದು ಬೇಡ. ಒಂದೇ ಸಾಲಲ್ಲಿ, ಮಧ್ಯೆ ಐದು ಮೀಟರ್‌ನಷ್ಟು ಜಾಗ ಬಿಟ್ಟು ಹಾಕಿ. ಒಳಗೆ ಬಂದ ಕರಡಿಗೆ ಹೊರಗೆ ಹೋಗೋಕೆ ದಾರಿ ಇರ್ಬೇಕು, ಸುತ್ತುವರಿದ ಹಾಗೆ ಅನ್ನಿಸ್ಬಾರ್ದು.

ಅಡುಗೆ ಮತ್ತು ಊಟದ ಸಾಮಾನು ಟೆಂಟಿಂದ ದೂರ ಇರ್ಲಿ, ಆದ್ರೆ ಟೆಂಟ್ ಬಾಗಿಲಿಂದ ಕಾಣೋ ಹಾಗಿರ್ಲಿ. ಕರಡಿ ಬಂದ್ರೆ ಮೊದ್ಲು ಹೋಗೋದು ಅಲ್ಲಿಗೇ, ಅದು ನಿಮ್ ಕಣ್ಣಿಗೆ ಬೀಳ್ಬೇಕು. ಮನೆಯಿಂದ ಹೊತ್ತು ತಂದ ಚಟ್ನಿಪುಡಿ, ಕೋಡುಬಳೆ, ತುಪ್ಪದ ಡಬ್ಬಿ ಸ್ಲೀಪಿಂಗ್ ಬ್ಯಾಗ್ ಪಕ್ಕ ಇಟ್ಕೊಂಡು ಮಲಗೋ ಅಭ್ಯಾಸ ನಮ್ಮವ್ರಿಗೆ ಜಾಸ್ತಿ, ಅದನ್ನೂ ಊಟದ ಸಾಮಾನಿನ ಜೊತೆ ಆಚೆಗೇ ಇಡಿ. ತುಪ್ಪ ಅಂದ್ರೆ ಕೊಬ್ಬು, ಕರಡಿ ಮೂಗಿಗೆ ಬೇಕಾಗಿರೋದೂ ಅದೇ.

ಕೊನೇದಾಗಿ ಟ್ರಿಪ್ ವೈರ್. ಕ್ಯಾಂಪ್ ಸುತ್ತ ಕಡ್ಡಿ ನೆಟ್ಟು ತಂತಿ ಎಳೆದು, ತಗುಲಿದ್ರೆ ಸಿಡಿಯೋ ಪಟಾಕಿ ಥರದ ಚಾರ್ಜ್ ಕಟ್ಟಿರ್ತಾರೆ. ತಂತಿ ಜೋತು ಬಿದ್ರೆ ಕರಡಿ ಮೇಲಿಂದ ದಾಟುತ್ತೆ, ತೀರ ಎತ್ತರ ಕಟ್ಟಿದ್ರೆ ಕೆಳಗಿಂದ ನುಸುಳುತ್ತೆ. ಬೇಸಿಗೇಲಿ ನೆಲ ಕರಗಿ ಕಡ್ಡಿ ವಾಲುತ್ತೆ, ಹಾಗಾಗಿ ಸಂಜೆ ಒಂದ್ಸಲ, ಮಲಗೋ ಮುಂಚೆ ಇನ್ನೊಂದ್ಸಲ ಬೆರಳಲ್ಲಿ ಮೀಟಿ ನೋಡಿ. ಹಿಮಸಾರಂಗವೋ ನರಿಯೋ ತಗುಲಿ ನಡುರಾತ್ರಿ ಸಿಡಿದ್ರೆ ಬೇಜಾರಾಗಿ ವೈರ್ ಬಿಚ್ಚಿಟ್ಟು ಮಲಗೋರು ಇದಾರೆ, ದಯವಿಟ್ಟು ಬೇಡ.

ಇಷ್ಟೆಲ್ಲ ಇದ್ರೂ ವೈರ್ ನಂಬಿ ಎಲ್ರೂ ಮಲಗ್ಬಾರ್ದು. ಸರದಿ ಪ್ರಕಾರ ಒಬ್ರು ಎಚ್ಚರ ಇರ್ಬೇಕು, ಹೊರಗೆ, ನಿಂತು, ಬೈನಾಕ್ಯುಲರ್ ಹಿಡಿದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಯ ಹತ್ತಿರದವರೆಗೂ ಅಲ್ಲಿ ಸೂರ್ಯ ಮುಳುಗಲ್ಲ, ಬೆಳಕಿದ್ಯಲ್ಲ ಅಂತ ಕಾವಲು ಬಿಡೋದು ಎಷ್ಟೋ ಗುಂಪು ಮಾಡೋ ತಪ್ಪು. ಬೆಳಕಿದ್ರೆ ಉಪಯೋಗ ಆಗೋದು ನೋಡೋಕೆ ಯಾರಾದ್ರೂ ಇದ್ದಾಗ ತಾನೇ.

ಹಂತ 6: ದೂರದಲ್ಲಿ ಕಂಡಿತು, ಈಗ?

2025ರ ಜನವರಿ 1ರಿಂದ ಸ್ವಾಲ್‌ಬಾರ್ಡ್‌ನಲ್ಲಿ ಕಾನೂನೇ ಇದೆ: ಮಾರ್ಚ್ 1ರಿಂದ ಜೂನ್ 30ರವರೆಗೆ ಕರಡಿಯಿಂದ ಕನಿಷ್ಠ 500 ಮೀಟರ್, ಮಿಕ್ಕ ತಿಂಗಳು 300 ಮೀಟರ್ ದೂರ ಇರ್ಬೇಕು. ಬೋಟಲ್ಲಿದ್ರೂ ಅಷ್ಟೇ, ಸ್ಕೂಟರಲ್ಲಿದ್ರೂ ಅಷ್ಟೇ. ಗೊತ್ತಿಲ್ದೆ ಅದಕ್ಕಿಂತ ಹತ್ರ ಇದ್ದು ಕರಡಿ ಕಂಡ್ರೆ ಸದ್ದಿಲ್ದೆ ಹಿಂದೆ ಸರೀಬೇಕು. ಕರಡೀನ ಹುಡ್ಕೊಂಡು ಹೋಗೋದು, ಅಟ್ಟಿಸ್ಕೊಂಡು ಹೋಗೋದು, ಊಟ ಹಾಕಿ ಕರೆಯೋದು ಎಲ್ಲಾ ಅಪರಾಧ.

300 ಮೀಟರ್ ತುಂಬಾ ದೂರ ಅನ್ಸುತ್ತಾ? 40 ಕಿಲೋಮೀಟರ್ ವೇಗದಲ್ಲಿ ಓಡೋ ಪ್ರಾಣಿಗೆ ಅದು 27 ಸೆಕೆಂಡ್. ಆ 27 ಸೆಕೆಂಡಲ್ಲಿ ಗ್ಲೌಸ್ ಬಿಚ್ಚಿ, ಕಾಟ್ರಿಜ್ ಹುಡುಕಿ, ಲೋಡ್ ಮಾಡಿ, ಗುರಿ ಇಡೋಕಾಗುತ್ತಾ ಅಂತ ಮನೇಲಿ ವಾಚ್ ಇಟ್ಕೊಂಡು ಯೋಚ್ನೆ ಮಾಡಿ ನೋಡಿ.

ಕಂಡ ತಕ್ಷಣ ಕೂಗ್ಬೇಡಿ, ಗೈಡ್‌ಗೆ ಹೇಳಿ, ಗುಂಪು ಒಟ್ಟಾಗಿ. ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಬೀಸ್ತಿದೆ ನೋಡಿ, ನಿಮ್ಮಿಂದ ಕರಡಿ ಕಡೆಗಿದ್ರೆ ನೀವಿರೋದು ಅದಕ್ಕೆ ಆಗ್ಲೇ ಗೊತ್ತಾಗಿದೆ ಅಂತ ಇಟ್ಕೊಳ್ಳಿ. ಅದು ನಿಮ್ಮನ್ನ ನೋಡಿಲ್ಲ ಅಂದ್ರೆ ಬಂದ ದಾರೀಲೇ ವಾಪಸ್. ಅದು ಬರೋ ದಾರಿಗೆ ಅಡ್ಡ ಇದ್ರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಝೂಮ್ ಲೆನ್ಸ್ ಇಲ್ಲ ಅಂದ್ರೆ ಫೋಟೋ ಇಲ್ಲ, ಅಷ್ಟೇ.

ಹಂತ 7: ಹತ್ರ ಬರ್ತಿದೆ

ಈಗ ನಿಮ್ಮ ಪ್ರಶ್ನೆಗೆ ಬಂದ್ವಿ. ಮೊದ್ಲು ಕರಡಿ ಮೈ ಓದ್ಬೇಕು.

ನಿಧಾನಕ್ಕೆ, ನಿಂತು ನಿಂತು, ತಲೆ ಎತ್ತಿ ಗಾಳಿ ಮೂಸ್ತಾ, ಸುತ್ತು ಹಾಕ್ಕೊಂಡು ನಿಮ್ಮ ವಾಸನೆ ಬರೋ ಕಡೆಗೆ ಹೋಗ್ತಿದ್ರೆ ಅದಕ್ಕೆ ಕುತೂಹಲ. ಹಿಂಗಾಲ ಮೇಲೆ ನಿಂತ್ರೂ ಅಷ್ಟೇ, ನೋಡೋಕೆ ನಿಂತಿರುತ್ತೆ. ಬುಸುಗುಡೋದು, ಹಲ್ಲು ಕಟಕಟ ಅನ್ನಿಸೋದು, ನೆಲಕ್ಕೆ ಕಾಲು ಅಪ್ಪಳಿಸೋದು, ತಲೆ ತಗ್ಗಿಸಿ ಕಿವಿ ಹಿಂದಕ್ಕೆ ಮಡಚೋದು ಮಾಡಿದ್ರೆ ಅದು ಕೆರಳಿದೆ, ನೀವು ಅಗತ್ಯಕ್ಕಿಂತ ಹತ್ರ ಇದೀರಾ. ಎಲ್ಲಕ್ಕಿಂತ ಕೆಟ್ಟದು ಸದ್ದೇ ಮಾಡದ ಕರಡಿ, ಕಣ್ಣು ನಿಮ್ಮ ಮೇಲಿಟ್ಟು, ನಿಲ್ಲದೆ, ನೇರವಾಗಿ, ಇಲ್ಲ ಐಸ್ ಗಡ್ಡೆ ಮರೆಯಲ್ಲಿ ಮೈ ತಗ್ಗಿಸಿ ಬರೋದು. ಅದು ಬೇಟೆಗೇ ಬರ್ತಿದೆ.

ಮೂರರಲ್ಲಿ ಯಾವುದೇ ಆಗ್ಲಿ, ಕಾಲಿಗೆ ಬುದ್ಧಿ ಹೇಳ್ಬೇಡಿ. ಓಡಿದ್ರೆ ಬೇಟೆ ಅಂತ ನೀವೇ ಒಪ್ಕೊಂಡ ಹಾಗೆ. ಎಲ್ರೂ ಒತ್ತೊತ್ತಾಗಿ ನಿಂತು ದೊಡ್ಡದಾಗಿ ಕಾಣಿಸಿ, ನಿಧಾನಕ್ಕೆ ಗಾಡಿ, ಬೋಟ್ ಅಥವಾ ಗುಡಿಸಲ ಕಡೆ ಹಿಂದೆ ಸರೀತಾ ಹೋಗಿ, ಬೆನ್ನು ತೋರಿಸ್ಬೇಡಿ. ಹತ್ರ ಬರೋಕೆ ಬಿಟ್ಟು ನೋಡೋಣ ಅನ್ನೋದು ಬೇಡ, ಬೇಗ ಹೆದರಿಸಿದಷ್ಟೂ ಒಳ್ಳೇದು. ಗಟ್ಟಿಯಾಗಿ ಕೂಗಿ, ಚಪ್ಪಾಳೆ ಹೊಡೀರಿ, ಪಾತ್ರೆ ಬಡೀರಿ, ಸ್ಕೂಟರ್ ಇಂಜಿನ್ ಜೋರಾಗಿ ರೇಸ್ ಮಾಡಿ. ಎಷ್ಟೋ ಕರಡಿ ಇಷ್ಟಕ್ಕೇ ತಿರುಗಿ ಹೋಗುತ್ತೆ.

ಹೋಗ್ಲಿಲ್ಲ ಅಂದ್ರೆ ಫ್ಲೇರ್ ಗನ್. ಇಲ್ಲಿ ಒಂದೇ ಒಂದು ವಿಷಯ ತಲೇಲಿ ಕೂತ್ರೆ ಸಾಕು: ಫ್ಲೇರ್ ಸಿಡೀಬೇಕಾದ್ದು ಕರಡಿ ಮುಂದೆ, ಅಂದ್ರೆ ನಿಮ್ಗೂ ಅದಕ್ಕೂ ಮಧ್ಯೆ. ಗಾಬರೀಲಿ ಕರಡಿಗೇ ಗುರಿ ಇಟ್ಟು ಹೊಡೀತಾರೆ, ಫ್ಲೇರ್ ತಲೆ ಮೇಲಿಂದ ಹಾರಿ ಅದರ ಬೆನ್ನ ಹಿಂದೆ ಸಿಡಿಯುತ್ತೆ, ಕರಡಿ ಸದ್ದಿಗೆ ಬೆಚ್ಚಿ ಸದ್ದಿಂದ ದೂರಕ್ಕೆ ಓಡುತ್ತೆ, ಅಂದ್ರೆ ಸೀದಾ ನಿಮ್ಮ ಕಡೆಗೆ. ಹಾಗಾಗಿ ಗುರಿ ನೆಲದ ಕಡೆಗೆ, ಕಮ್ಮಿ ದೂರಕ್ಕೆ. ಹೊಡೆದ ಕೂಡ್ಲೇ ಏನಾಯ್ತು ಅಂತ ನೋಡ್ತಾ ನಿಲ್ಲದೆ ಮುಂದಿನ ಕಾಟ್ರಿಜ್ ತುಂಬಿ. ಇದೇ ಹೊತ್ತಿಗೆ ರೈಫಲ್ ಇರೋರು ಅದನ್ನ ರೆಡಿ ಮಾಡ್ಕೊಂಡಿರ್ಬೇಕು, ಎರಡೂ ಒಬ್ರೇ ಮಾಡೋಕಾಗಲ್ಲ, ಯಾರು ಯಾವುದು ಅನ್ನೋದು ಬೆಳಗ್ಗೆ ಹೊರಡೋವಾಗಲೇ ತೀರ್ಮಾನ ಆಗಿರ್ಬೇಕು.

ಹಂತ 8: ಗುಂಡು

ಇದನ್ನ ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ ಕೋರ್ಸ್ ಮಾಡದೆ ಓದಿ ಕಲಿಯೋ ವಿಷಯ ಅಲ್ಲ. ಹಿಂದೆ ಸರಿಯೋಕೆ ಜಾಗ ಇಲ್ಲ, ಫ್ಲೇರ್ ಕೆಲ್ಸ ಮಾಡ್ಲಿಲ್ಲ, ಕರಡಿ ಮೈಮೇಲೆ ಬರ್ತಿದೆ ಅನ್ನೋವಾಗ ಮಾತ್ರ. ಗುರಿ ಎದೆ ಮತ್ತು ಭುಜದ ಭಾಗಕ್ಕೆ, ತಲೆಗಲ್ಲ. ಬಿತ್ತು ಅಂತ ನಿಲ್ಲಿಸೋ ಹಾಗಿಲ್ಲ, ಅಲುಗಾಟ ನಿಲ್ಲೋವರೆಗೆ ಹೊಡೀಬೇಕು. ಗನ್ ಇಲ್ದೆ ಕರಡಿ ಕೈಗೆ ಸಿಕ್ಕಿಬಿಟ್ರೆ ಸುಮ್ನೆ ಮಲಗ್ಬೇಡಿ, ಕಲ್ಲು, ಚಾಕು, ಸ್ಕೀ ಕೋಲು, ಏನು ಸಿಕ್ರೆ ಅದ್ರಲ್ಲಿ ಮೂಗು ಕಣ್ಣಿಗೆ ಹೊಡೀರಿ, ಜೊತೇಲಿರೋರೂ ಹೊಡೀಬೇಕು.

ಆಮೇಲೆ ತಕ್ಷಣ ಗವರ್ನರ್ ಆಫೀಸಿಗೆ ತಿಳಿಸ್ಬೇಕು, ಅಲ್ಲಿ ಪೊಲೀಸೂ ಅವರೇ, ತುರ್ತು ನಂಬರ್ 112. ಸತ್ತ ಕರಡೀನ ಮುಟ್ಟೋ ಹಾಗಿಲ್ಲ, ಜಾಗ ಕೆದಕೋ ಹಾಗಿಲ್ಲ. 1973ರಿಂದ ಅಲ್ಲಿ ಹಿಮಕರಡಿ ಸಂರಕ್ಷಿತ ಪ್ರಾಣಿ, ಪ್ರತಿ ಸಲ ಕರಡಿ ಸತ್ತಾಗಲೂ ತನಿಖೆ ನಡೆಯುತ್ತೆ. ತಪ್ಪಿಸಬಹುದಾಗಿತ್ತು ಅಂತ ತನಿಖೇಲಿ ಗೊತ್ತಾದ್ರೆ ಕೇಸು, ದಂಡ ನಿಮ್ಮ ಮೇಲೆ.

ಹಿಮಾದ್ರಿಗೆ ಹೋಗೋ ಸಂಶೋಧಕರಿಗೆ

ಸ್ವಾಲ್‌ಬಾರ್ಡ್‌ನದ್ದೇ ಇನ್ನೊಂದು ಊರು ನಿ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ, 2023ರ ಡಿಸೆಂಬರ್‌ನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರೂ ಇದ್ರು. ಅಲ್ಲಿ ಕೆಲಸದ ಮೇಲೆ ಊರಾಚೆ ಹೋಗೋರಿಗೆ ರೈಫಲ್ ಟ್ರೇನಿಂಗ್ ಇರುತ್ತೆ, ಅದನ್ನ ಫಾರ್ಮಾಲಿಟಿ ಅಂತ ಮಾಡ್ಬೇಡಿ. ಇನ್ನೊಂದು, ಅಲ್ಲಿನ ಆಂಟೆನಾಗಳಿಗೆ ತೊಂದ್ರೆ ಆಗ್ಬಾರ್ದು ಅಂತ ವೈಫೈ, ಬ್ಲೂಟೂತ್ ಎಲ್ಲಾ ಬಂದ್. ಫೋನ್ ನೆಚ್ಚಿಕೊಂಡು ಹೊರಗೆ ಹೋಗೋ ಅಭ್ಯಾಸ ಇಲ್ಲೇ ಬಿಟ್ಟು ಹೋಗಿ, ವಾಕಿ ಟಾಕಿ ಹಿಡ್ಕೊಳ್ಳಿ, ಎಲ್ಲಿಗೆ, ಎಷ್ಟೊತ್ತಿಗೆ ವಾಪಸ್ ಅಂತ ಬರೆದಿಟ್ಟು ಹೊರಡಿ. ಊರಲ್ಲಿ ಮನೆ ಬಾಗಿಲಿಗೆ ಬೀಗ ಹಾಕಲ್ಲ, ಕರಡಿ ಬಂದ್ರೆ ಯಾರು ಬೇಕಾದ್ರೂ ಹತ್ತಿರದ ಬಾಗಿಲು ತೆಗೆದು ಒಳಗೆ ನುಗ್ಲಿ ಅಂತ.

ಚರ್ಚಿಲ್‌ಗೆ ಹೋಗೋವ್ರಿಗೆ

ಕೆನಡಾದ ಮ್ಯಾನಿಟೋಬಾದಲ್ಲಿರೋ ಚರ್ಚಿಲ್‌ನಲ್ಲಿ ಸಮಸ್ಯೆ ಉಲ್ಟಾ: ಇಲ್ಲಿ ನೀವು ಕರಡಿ ಜಾಗಕ್ಕೆ ಹೋಗೋದಲ್ಲ, ಅದೇ ಊರೊಳಗೆ ಬರುತ್ತೆ. ಹಡ್ಸನ್ ಕೊಲ್ಲಿ ಹೆಪ್ಪುಗಟ್ಟೋದನ್ನ ಕಾಯ್ತಾ ಅಕ್ಟೋಬರ್, ನವೆಂಬರ್‌ನಲ್ಲಿ ಕರಡಿಗಳು ದಡದಲ್ಲಿ ಸೇರ್ತವೆ, ತಿಂಗಳುಗಟ್ಲೆ ಸರಿಯಾಗಿ ತಿಂದಿರಲ್ಲ, ಟೂರಿಸ್ಟ್ ಸೀಸನ್ನೂ ಅದೇ. ಊರಿಗೆ ನುಗ್ಗಿದ ಕರಡಿ ಹಿಡಿದಿಡೋಕೆ 28 ಕೋಣೆಯ ಜೈಲೇ ಇದೆ. ಮನೆ, ಕಾರು ಬೀಗ ಹಾಕದೆ ಬಿಡೋ ಪದ್ಧತಿ ಇಲ್ಲೂ ಇದೆ.

ರಾತ್ರಿ ಪಬ್‌ನಿಂದ ಹೋಟೆಲ್‌ಗೆ ಎರಡೇ ಹೆಜ್ಜೆ ಅಂತ ನಡೆದು ಹೋಗ್ಬೇಡಿ, ಗಾಡಿ ಕರೆಸಿ. 2013ರಲ್ಲಿ ಹ್ಯಾಲೋವೀನ್ ಮುಗಿದ ಬೆಳಗಿನ ಜಾವ ಊರೊಳಗೇ ಇಬ್ರ ಮೇಲೆ ದಾಳಿಯಾಗಿತ್ತು. ಸಮುದ್ರದ ದಡದ ಬಂಡೆಗಳ ಮೇಲೆ ವಾಕ್ ಹೋಗೋದಂತೂ ಬೇಡವೇ ಬೇಡ. ಜೇಬಲ್ಲಿ ಮಾಂಸದ ತಿಂಡಿ ಇಟ್ಕೊಂಡು ಓಡಾಡ್ಬೇಡಿ, 1983ರಲ್ಲಿ ಇದೇ ಊರಲ್ಲಿ ಸುಟ್ಟುಹೋದ ಹೋಟೆಲಿಂದ ಮಾಂಸ ಜೇಬಿಗೆ ತುಂಬ್ಕೊಂಡು ಹೊರಟ ಒಬ್ಬರನ್ನ ಕರಡಿ ಬಲಿ ತಗೊಂಡಿತ್ತು. ಕರಡಿ ಕಂಡ್ರೆ ಊರಿನ ಬೇರ್ ಅಲರ್ಟ್ ನಂಬರ್‌ಗೆ ಫೋನ್ ಮಾಡಿ, ಹೋಟೆಲ್ ರಿಸೆಪ್ಷನ್‌ನಲ್ಲಿ ಚೆಕ್ ಇನ್ ಆಗೋವಾಗಲೇ ಆ ನಂಬರ್ ಸೇವ್ ಮಾಡ್ಕೊಳ್ಳಿ.

ವಾಪಸ್ ಬರೋವಾಗ

ಎರಡೂ ಕಡೆಯವ್ರಿಗೆ ಕೊನೇ ಕೆಲ್ಸ ಇದು. ಬಾಡಿಗೆ ಸಾಮಾನು ವಾಪಸ್ ಕೊಟ್ಟ ಮೇಲೆ ಜಾಕೆಟ್, ಪ್ಯಾಂಟ್, ಕ್ಯಾಮೆರಾ ಬ್ಯಾಗು, ಎಲ್ಲಾ ಜೇಬು ತಿರುಗಿಸಿ ಕೊಡವಿ ನೋಡಿ. ಫ್ಲೇರ್ ಕಾಟ್ರಿಜ್ಜೋ, ರೈಫಲ್ ಗುಂಡೋ, ಖಾಲಿ ತೋಟಾನೋ ಯಾವುದಾದ್ರೂ ಮೂಲೇಲಿ ಉಳಿದಿರುತ್ತೆ. ಓಸ್ಲೋದಲ್ಲಿ ಸಿಕ್ರೆ ವಿಚಾರಣೆ ಮಾಡಿ ಫ್ಲೈಟ್ ತಪ್ಪಿಸ್ತಾರೆ, ದೆಹಲೀಲೋ ಬೆಂಗಳೂರಲ್ಲೋ ಬ್ಯಾಗಲ್ಲಿ ಗುಂಡು ಸಿಕ್ರೆ ಆರ್ಮ್ಸ್ ಆಕ್ಟ್ ಕೇಸ್, "ಕರಡಿಗೆ ಅಂತ ಇಟ್ಕೊಂಡಿದ್ದೆ ಸಾರ್" ಅಂದ್ರೆ ಯಾರೂ ಕೇಳಲ್ಲ.